ಉಪ್ಪು ತೊಳೆಯುವ ಆಜ್ಞೆ

ಬೆಳಗಿನ ಐದಕ್ಕೆ ಅಪ್ಪನ ದನಿ:
‘ಉಪ್ಪು ತೊಳೀರಿ!’
ಟಿಕೀನಾ ಜಲಸಂಧಿಯಲ್ಲಿ, ಗಸ್ತುದೋಣಿಯ ಡೆಕ್ಕಿನ ಮೇಲೆ
ಹದಿನೆಂಟರ ಹುಡುಗರು, ತುಟಿ ಒಡೆದವರು,
ಬಕೆಟ್ಟಿನ ಮೇಲಿನ ಹೆಪ್ಪು ಕುಟ್ಟಿ
ಉಜ್ಜುತ್ತಿದ್ದರು ಕಬ್ಬಿಣವನ್ನು,
ಹುಟ್ಟಿದಂದಿನಿಂದ ಕಡಲುಪ್ಪು ತಾಗದ ಕಬ್ಬಿಣವನ್ನು.

ಕೈಪಿಡಿಯಲ್ಲಿ ಹಾಗಿತ್ತು. ಕೈಪಿಡಿ ಬಂದದ್ದು
ಕಡಲಿದ್ದ ಯಾವುದೋ ದೇಶದಿಂದ.
ಉಬ್ಬರವಿಳಿತದ ಕೋಷ್ಟಕವೂ ಇತ್ತು ಅದರಲ್ಲಿ.
ಅಪ್ಪ, ಸಾರ್ಜೆಂಟ್ ಸತುರ್ನೀನೊ ಕಿಸ್ಬೆರ್ತ್,
ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸುತ್ತಿದ್ದ.
ಹನ್ನೆರಡು ಸಾವಿರ ಅಡಿ ಮೇಲಿನ ಸರೋವರ
ಏರದೆ ಇಳಿಯದೆ ಕೇಳಿಸಿಕೊಳ್ಳುತ್ತಿತ್ತು.

ಇತಿಹಾಸ ಹೇಳಬೇಕೆ? ಚಿಕ್ಕದು.
ಸಾವಿರದ ಎಂಟುನೂರ ಎಪ್ಪತ್ತೊಂಬತ್ತರಲ್ಲಿ ಕಡಲು ಕೈಬಿಡತೊಡಗಿತು.
ಕಾದಲು ನಮಗೊಂದು ಯುದ್ಧನೌಕೆಯೂ ಇರಲಿಲ್ಲ;
ಕಂಡವರ ಹಡಗಿಗೆ ಕಾಗದದ ಪರವಾನಗಿ ಬರೆದೆವು,
ಶಾಯಿ ಒಣಗುವಷ್ಟರಲ್ಲಿ ದಡ ಇರಲಿಲ್ಲ.
ತಲೆಮಾರು ಕಳೆದ ಮೇಲೆ ನೌಕಾಪಡೆ ಕಟ್ಟಿದೆವು.
ಕೂಸು ಹುಟ್ಟುವ ಮುಂಚೆ ಕುಲಾವಿ
ಎಂದು ನಗುತ್ತಾರೆ ಗಡಿಯಾಚೆ.
ಅಲ್ಲ. ಕೂಸು ಹೋದ ಮೇಲೂ
ಕುಲಾವಿ ಹೊಲಿಯುವವರು ನಾವು.

ನೌಕಾಪಡೆಯ ಬಾವುಟ ನೋಡಿ:
ಒಂಬತ್ತು ಸೀಮೆಗೆ ಒಂಬತ್ತು ಪುಟ್ಟ ಚುಕ್ಕಿ,
ಇಲ್ಲದ ಹತ್ತನೆಯದಕ್ಕೆ ದೊಡ್ಡದು.

ಅಪ್ಪನ ದೋಣಿಗೆ ಹದಿಮೂರು ಸಲ ಬಣ್ಣ ಬಳಿದಿದ್ದರು.
ಮೂತಿಯ ಮೇಲಿನ ಬಂದೂಕು ಹಾರಿದ್ದು ಹಬ್ಬಕ್ಕೆ ಮಾತ್ರ;
ಜೊಂಡಿನಿಂದ ನೀರುಕೋಳಿಗಳು ಎದ್ದು,
ಒಂದು ಸುತ್ತು ಹಾಕಿ ಅಲ್ಲೇ ಇಳಿಯುತ್ತಿದ್ದವು.

ದೇಶದಲ್ಲಿ ಉಪ್ಪಿಲ್ಲವೆಂದಲ್ಲ. ದಕ್ಷಿಣಕ್ಕೆ ಹೋದರೆ
ಉಯುನಿಯಲ್ಲಿ ಕಣ್ಣು ಸೋಲುವವರೆಗೂ ಉಪ್ಪೇ.
ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ತಿಂದಿದ್ದೇವೆ. ನೀರೆಲ್ಲಿ?

ನನಗೆ ಹದಿನಾರಾದ ವರ್ಷ ಅಪ್ಪನಿಗೆ ಅಪ್ಪಣೆ ಬಂತು:
ಪೆರುವಿನ ಇಲೊ ಬಂದರಿಗೆ ನಿಯೋಗ, ನಾಲ್ಕು ದಿನ.
ಐವತ್ತೊಂದಕ್ಕೆ ಮೊದಲ ಕಡಲು.
ಬೂಟಿಗೆ ಎರಡು ಸಲ ಪಾಲಿಶ್ ಹಾಕಿ ಹೋದ.
ಬಂದವನು ಹೆಚ್ಚೇನೂ ಹೇಳಲಿಲ್ಲ.
‘ನಿಲ್ಲೋದೇ ಇಲ್ಲ ಅದು’ ಎಂದ.
ಆಮೇಲೆ, ಆಲೂಗಡ್ಡೆ ಸುಲಿಯುತ್ತ,
‘ಕವಾಯತು ಗೊತ್ತಿಲ್ಲ ಅದಕ್ಕೆ.’

ಬೂಟಿನ ಕಪ್ಪು ತೊಗಲಿನ ಮೇಲೆ, ಹಿಮ್ಮಡಿಯಿಂದ ಉಂಗುಟದವರೆಗೆ
ಬಿಳಿ ಗೆರೆಯೊಂದು ಡೊಂಕಾಗಿ ಒಣಗಿತ್ತು.
ಅಮ್ಮ ಒದ್ದೆಬಟ್ಟೆ ಹಿಡಿದು ಕೂತಳು.
‘ತೊಳೀಬೇಡ!’
ಇಪ್ಪತ್ತೆಂಟು ವರ್ಷ ತೊಳೀರಿ ಎಂದೇ ಕೂಗಿದ ಗಂಟಲು
ಆ ಒಂದು ಮಾತಿಗೆ ಒಡೆಯಿತು.
ಅಮ್ಮ ಬಟ್ಟೆ ಹಿಂಡಿ, ಮಾತಿಲ್ಲದೆ, ಎದ್ದು ಹೋದಳು.

ಮಾರ್ಚ್ ಇಪ್ಪತ್ತಮೂರು. ಸಮುದ್ರದ ದಿನ.
ಮಕ್ಕಳ ತಲೆಗೆ ಕಾಗದದ ನಾವಿಕಟೋಪಿ,
ತುತ್ತೂರಿಗಳಲ್ಲಿ ಒಂದು ಎಂದಿನಂತೆ ಅಪಸ್ವರ,
ಸಾಲಿನ ಮುಂದೆ ಅದೇ ಬೂಟು ತೊಟ್ಟ ಅಪ್ಪ.
ಚೌಕ ದಾಟುವಾಗ ಆಲಿಕಲ್ಲು, ಬೆನ್ನಿಗೇ ಮಳೆ.
ಟೋಪಿಗಳು ಕರಗಿ ಕಿವಿಗೆ ಇಳಿದವು. ಯಾರೂ ಸಾಲು ಬಿಡಲಿಲ್ಲ.
ಮನೆಗೆ ಬಂದ ಬೂಟು
ಬರೀ ಕಪ್ಪು.

ಮುಂದಿನ ವರ್ಷ, ಹಿಂದಿನ ರಾತ್ರಿ,
ಸಂತೆಯಲ್ಲಿ ಕೊಂಡ ಉಯುನಿಯ ಉಪ್ಪಿನ ಹೆಂಟೆ ಕುಟ್ಟಿ,
ಬಿಸಿನೀರಲ್ಲಿ ಕದಡಿ, ಕೋಳಿಪುಕ್ಕ ಅದ್ದಿ
ನೆನಪಿದ್ದ ಡೊಂಕಿನಲ್ಲೇ ಗೆರೆ ಎಳೆದೆ.
ಎಡಗಾಲಿನದು ತುಸು ನೆಟ್ಟಗಾಯಿತು.

ಬೆಳಿಗ್ಗೆ ಅಪ್ಪ ಬೂಟನ್ನು ಕಿಟಕಿಗೆ ಹಿಡಿದ.
ಬೆರಳಲ್ಲಿ ಒರೆಸಿ ನಾಲಿಗೆಗಿಟ್ಟ.
‘ಇದು ನಮ್ಮ ಉಪ್ಪು.’
ನಾನು ಒಲೆ ಊದುತ್ತಲೇ ಇದ್ದೆ.
ಲೇಸು ಬಿಗಿದು ಹೊಸಿಲವರೆಗೆ ಹೋದ,
ಮೋಡ ನೋಡಿದ,
ತಿರುಗಿ ಬಂದು ಅಮ್ಮನ ಕೊಡೆ ಕೇಳಿದ.

ಸಮವಸ್ತ್ರದವರು ಕೊಡೆ ಹಿಡಿಯಬಾರದು
ಎಂದು ಅದೇ ಕೈಪಿಡಿಯಲ್ಲಿತ್ತು.